ಉದ್ದ ಹುಡುಗಿಯನ್ನು ಮೂಲೆಗೆ ಕಳಿಸಬೇಡಿ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳಿಗೆ, ಮತ್ತು ಮಾರ್ಚ್ ತಿಂಗಳ ಕಾಲೇಜು ಟೂರ್ನಿ ಬಂದರೆ ನನ್ನ ಹಾಗೆ ಟಿವಿ ಮುಂದೆ ಕೂರುವ ಎಲ್ಲ ಕನ್ನಡದವರಿಗೆ,

ನಮಸ್ಕಾರ.

ಹೋದ ನವೆಂಬರ್‌ನಲ್ಲಿ ಒಂದು ಸಂಜೆ ಮಗಳನ್ನು ಪ್ರಾಕ್ಟೀಸಿನಿಂದ ಕರೆದುಕೊಂಡು ಬರಲು ಹೋಗಿದ್ದೆ. ಅವಳಿಗೆ ಹದಿನಾರು ವರ್ಷ. ಎತ್ತರ 6 ಅಡಿ 2 ಇಂಚು. ಕಾರು ಹತ್ತಿದವಳು ಬೆಲ್ಟ್ ಕೂಡ ಹಾಕಿಕೊಳ್ಳದೆ ಕಿಟಕಿ ಕಡೆ ನೋಡುತ್ತಾ ಕೂತಳು. ಏನಾಯ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು: "ಇನ್ಮೇಲೆ ರಿಂಗ್ ಹತ್ರ ನಿಲ್ಲಬೇಡ ಅಂದ್ರು ಕೋಚ್. ಮೂಲೆಗೆ ಹೋಗಿ ಮೂರು ಪಾಯಿಂಟ್ ಶಾಟ್ ಕಲಿಬೇಕಂತೆ. ಕಾಲೇಜಲ್ಲಿ ಈಗ ಸೆಂಟರ್ ಅನ್ನೋದೇ ಇಲ್ವಂತೆ ಅಪ್ಪ."

ಆ ಕೋಚ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಎಲ್ಲರೂ ಹೇಳುವುದನ್ನೇ ಹೇಳಿದರು. 2015ರ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ನಾಲ್ಕನೇ ಪಂದ್ಯದಿಂದ 7 ಅಡಿಯ ಆಂಡ್ರ್ಯೂ ಬೋಗಟ್ ಬದಲು ಅವರಿಗಿಂತ ಗಿಡ್ಡ ಆಂಡ್ರೆ ಇಗುಡಾಲ ಅವರನ್ನು ಮೊದಲಿಂದ ಇಳಿಸಿ ಕಪ್ ಗೆದ್ದಿತಲ್ಲ, ಅವತ್ತಿಂದ ಈ ಮಾತು ಕೇಳ್ತಾನೇ ಇದ್ದೇನೆ. ದೊಡ್ಡ ಆಳಿನ ಕಾಲ ಮುಗಿಯಿತು, ಈಗ ಎಲ್ಲರೂ ಓಡಬೇಕು, ಎಲ್ಲರೂ ದೂರದಿಂದ ಹಾಕಬೇಕು ಅಂತ. ಅದು ಎನ್‌ಬಿಎಯಿಂದ ಕಾಲೇಜಿಗೆ ಇಳಿಯಿತು. ಕಾಲೇಜಿಂದ ಹೈಸ್ಕೂಲಿಗೆ ಬಂತು. ಈಗ ನನ್ನ ಕಾರಿನೊಳಗೂ ಬಂದು ಕೂತಿದೆ. ಅದಕ್ಕೇ ಈ ಪತ್ರ.

ಆಟ ಅಷ್ಟಾಗಿ ನೋಡದವರಿಗೆ ಒಂದು ಮಾತು. ಹಳೇ ಮಾದರಿಯ ಸೆಂಟರ್ ಅಂದರೆ ಸಾಮಾನ್ಯವಾಗಿ ತಂಡದಲ್ಲೇ ಉದ್ದದ ಆಳು. ರಿಂಗ್‌ಗೆ ಬೆನ್ನು ಮಾಡಿ, ಕಾಲು ಅಗಲಿಸಿ, ಎದುರಾಳಿಯನ್ನು ಬೆನ್ನಲ್ಲೇ ತಡೆದು ನಿಂತು ಚೆಂಡು ಕೇಳುವವರು. ಚೆಂಡು ಬಂದರೆ ಒಂದು ಹೆಜ್ಜೆ, ಒಂದು ತಿರುವು, ಒಂದೇ ಕೈಯನ್ನು ತಲೆ ಮೇಲಿಂದ ಬಾಗಿಸಿ ಒಂದು ಹುಕ್ ಶಾಟ್. ತಪ್ಪಿದರೆ ರೀಬೌಂಡ್, ಅಂದರೆ ಬಡಿದು ವಾಪಸ್ ಬಂದ ಚೆಂಡು, ಹಿಡಿದು ಮತ್ತೆ ಹಾಕುವುದು. ಚೆಂಡು ಎದುರಾಳಿಗಳ ಕೈಗೆ ಹೋದಾಗ ನಮ್ಮ ರಿಂಗ್ ಕೆಳಗೆ ನಿಂತು ಬಂದವರನ್ನೆಲ್ಲ ತಡೆಯುವುದು. ಹೊಸ ಮಾದರಿಯಲ್ಲಿ ಐದೂ ಜನ ಮೂರು ಪಾಯಿಂಟ್ ಗೆರೆಯ ಆಚೆ (ಅಲ್ಲಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್) ಹರಡಿಕೊಳ್ಳುತ್ತಾರೆ. ನಡುವಿನ ಜಾಗ ಖಾಲಿ.

ನಾನು ಮಂಡ್ಯದಲ್ಲಿ ಆಟ ಕಲಿತವನು. ನಮ್ಮಲ್ಲಿ ಸೆಂಟರ್‌ಗೆ ಪಿವೋಟ್ ಅಂತಿದ್ದರು. ಸಿಮೆಂಟ್ ಕೋರ್ಟು, ಬಲೆ ಇಲ್ಲದ ರಿಂಗು. ಪಿ.ಟಿ. ಮೇಷ್ಟ್ರು ನನ್ನನ್ನು ರಿಂಗ್ ಕೆಳಗೆ ನಿಲ್ಲಿಸಿ ಬಲಗೈಯಲ್ಲಿ ಒಂದು, ಎಡಗೈಯಲ್ಲಿ ಒಂದು, ಮತ್ತೆ ಬಲಗೈ, ಮತ್ತೆ ಎಡಗೈ ಅಂತ ಹಾಕಿಸೋರು. ಚೆಂಡು ನೆಲಕ್ಕೆ ಬೀಳಬಾರದು. ಕೈ ಎದೆಗಿಂತ ಕೆಳಗೆ ಇಳಿಯಬಾರದು. ಇಳಿದರೆ ಮತ್ತೆ ಒಂದರಿಂದ ಎಣಿಕೆ. ಅದಕ್ಕೆ ಮೈಕನ್ ಡ್ರಿಲ್ ಅಂತ ಹೆಸರಿದೆ, ಶಿಕಾಗೋದ ಡಿಪಾಲ್ ಕಾಲೇಜಿನಲ್ಲಿ ಆಡಿದ ಜಾರ್ಜ್ ಮೈಕನ್ ಅನ್ನೋ 6 ಅಡಿ 10 ಇಂಚಿನ ಸೆಂಟರ್ ಹೆಸರದು ಅಂತ ನನಗೆ ಗೊತ್ತಾಗಿದ್ದು ಇಂಡಿಯಾನಾಗೆ ಬಂದ ಮೇಲೆ. ಅಷ್ಟು ದೂರದ ವಿದ್ಯೆ ಯಾವ ದಾರಿಯಲ್ಲೋ ಮಂಡ್ಯಕ್ಕೆ ಬಂದಿತ್ತು. ಅದು ಹುಟ್ಟಿದ ದೇಶದಲ್ಲೇ ಈಗ ಅದನ್ನು ಬೇಡ ಅಂತಿದ್ದಾರಲ್ಲ ಅಂತ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಆದರೆ ಹಳೇ ಪ್ರೀತಿಯಿಂದ ವಾದ ಮಾಡೋದಕ್ಕೆ ನಾನು ಬಂದಿಲ್ಲ. ಕಾಲೇಜು ತಂಡಕ್ಕೆ ಇವತ್ತಿಗೂ ಸೆಂಟರ್ ಬೇಕು. ಗೆಲ್ಲೋದಕ್ಕೆ ಬೇಕು. ಯಾಕೆ ಅಂತ ಹೇಳುತ್ತೇನೆ.

ಮೊದಲು ಕೋರ್ಟನ್ನೇ ನೋಡಿ. ಎನ್‌ಬಿಎ ಕೋರ್ಟಿಗೂ ಕಾಲೇಜು ಕೋರ್ಟಿಗೂ ಉದ್ದಗಲ ಒಂದೇ. ಆದರೆ ರಿಂಗ್ ಮುಂದೆ ಬಣ್ಣ ಬಳಿದ ಚೌಕ ಇರುತ್ತದಲ್ಲ, ಪೇಂಟ್ ಅಂತಾರಲ್ಲ, ಅದು ಎನ್‌ಬಿಎಯಲ್ಲಿ 16 ಅಡಿ ಅಗಲ, ಕಾಲೇಜಿನಲ್ಲಿ 12 ಅಡಿ. ಆ ಚೌಕದೊಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲವಾದ್ದರಿಂದ ಸೆಂಟರ್ ಅದರ ಗೆರೆಯ ಹೊರಗೆ ನಿಂತು ಚೆಂಡು ಕೇಳಬೇಕು. ಅಂದರೆ ಕಾಲೇಜಿನಲ್ಲಿ ಎರಡೂ ಪಕ್ಕ ಎರಡೆರಡು ಅಡಿ ಹತ್ತಿರ ನಿಲ್ಲಬಹುದು. ಎರಡಡಿ ಅಂದರೆ ಏನು ಮಹಾ ಅನ್ನಿಸಬಹುದು. ನಾವು ಆಡುವಾಗ ಈ ಜಾಗ ಮೊರದ ಹಾಗಿತ್ತು, ರಿಂಗ್ ಕಡೆ ಅಗಲ, ಮೇಲೆ ಕಿರಿದು. ಅಂತರರಾಷ್ಟ್ರೀಯ ನಿಯಮದಲ್ಲಿ 2010ರವರೆಗೂ ಹಾಗೇ ಇತ್ತು. ಅಷ್ಟು ದೂರದಲ್ಲಿ ಚೆಂಡು ಹಿಡಿದರೆ ರಿಂಗ್ ಮುಟ್ಟಲು ನಾನು ಎರಡು ಸಲ ಚೆಂಡು ನೆಲಕ್ಕೆ ಬಡಿಯಬೇಕಿತ್ತು. ಅಷ್ಟರಲ್ಲಿ ಯಾರೋ ಒಬ್ಬ ಕೈ ಹಾಕುತ್ತಿದ್ದ. ಎರಡಡಿ ಹತ್ತಿರ ನಿಂತರೆ ಒಂದೇ ಬಡಿತ ಸಾಕು. ರಿಂಗ್ ಹತ್ತಿರ ಬೆನ್ನು ಮಾಡಿ ಆಡುವ ಈ ಪೋಸ್ಟ್ ಆಟದ ಬಾಳುವೆ ಆ ಒಂದು ಬಡಿತದಲ್ಲೇ ಇದೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಎನ್‌ಬಿಎಯಲ್ಲಿ 2001-02ರಿಂದ ಡಿಫೆನ್ಸ್ ಮಾಡುವವರಿಗೂ ಮೂರು ಸೆಕೆಂಡ್ ನಿಯಮ ಇದೆ. ಪಕ್ಕದಲ್ಲಿ ಕಾಯಲು ಯಾರೂ ಇಲ್ಲದಿದ್ದರೆ ಸೆಂಟರ್ ಸುಮ್ನೆ ರಿಂಗ್ ಕೆಳಗೆ ನಿಂತುಕೊಳ್ಳೋ ಹಾಗಿಲ್ಲ. ಕಾಲೇಜಿನಲ್ಲಿ ಆ ನಿಯಮ ಇಲ್ಲ. ಎಷ್ಟು ಹೊತ್ತಾದರೂ ನಿಲ್ಲಬಹುದು. ಮನೆ ಬಾಗಿಲಲ್ಲಿ ಅಜ್ಜ ಕೂತ ಹಾಗೆ. ಅವರನ್ನು ದಾಟಿ ಒಳಗೆ ಹೋಗೋದು ಅಷ್ಟು ಸುಲಭ ಅಲ್ಲ.

ಇದು ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ ಅಂತ ನೋಡಬೇಕಾದರೆ 2024ರ ಮಾರ್ಚ್ 30ರಂದು ಬಾಸ್ಟನ್‌ನಲ್ಲಿ ಕನೆಕ್ಟಿಕಟ್ ಮತ್ತು ಇಲಿನಾಯ್ ಕಾಲೇಜು ತಂಡಗಳು ಆಡಿದ ಪಂದ್ಯ ನೋಡಿ. ಗೆದ್ದವರಿಗೆ ಫೈನಲ್ ಫೋರ್, ಅಂದರೆ ಕೊನೆಯ ನಾಲ್ಕು ತಂಡಗಳ ಹಂತಕ್ಕೆ, ಪ್ರವೇಶ. ಇಲಿನಾಯ್ ಸಣ್ಣ ತಂಡವೇನಲ್ಲ, ಪಾಯಿಂಟ್ ಹಾಕೋದರಲ್ಲಿ ದೇಶದ ಮುಂಚೂಣಿ ತಂಡಗಳಲ್ಲಿ ಒಂದು. ಒಂದು ಹಂತದಲ್ಲಿ 23-23 ಸಮ. ಅಲ್ಲಿಂದ ಕನೆಕ್ಟಿಕಟ್ ಸತತ 30 ಪಾಯಿಂಟ್ ಹಾಕಿತು. ಇಲಿನಾಯ್‌ಗೆ ಒಂದೂ ಇಲ್ಲ. 53-23. ರಿಂಗ್ ಕೆಳಗೆ ನಿಂತಿದ್ದವರು ಕನೆಕ್ಟಿಕಟ್‌ನ ಡಾನವನ್ ಕ್ಲಿಂಗನ್, 7 ಅಡಿ 2 ಇಂಚು. ಇಲಿನಾಯ್ ಹುಡುಗರು ಒಳಗೆ ನುಗ್ಗುತ್ತಿದ್ದರು, ತಲೆ ಎತ್ತಿದರೆ ಅಲ್ಲಿ ಎರಡು ಕೈ. ಸ್ವಲ್ಪ ಹೊತ್ತಾದ ಮೇಲೆ ಕೈ ಇಲ್ಲದ ಕಡೆಯೂ ಅವರಿಗೆ ಕೈ ಕಾಣತೊಡಗಿತು. ಸುಲಭದ ಶಾಟೂ ತಪ್ಪತೊಡಗಿತು. ಕ್ಲಿಂಗನ್ ಲೆಕ್ಕಕ್ಕೆ ಬಂದ ಬ್ಲಾಕ್, ಅಂದರೆ ಕೈಯಿಂದ ತಡೆದ ಶಾಟ್, ಐದು. ಲೆಕ್ಕಕ್ಕೆ ಬರದೆ ಹಾಳಾದ ಶಾಟ್‌ಗಳು ಅದಕ್ಕಿಂತ ಎಷ್ಟೋ ಜಾಸ್ತಿ.

ಈಗ ನೀವು ಖಂಡಿತ ಕೇಳುತ್ತೀರಿ, 2023ರ ಪರ್ಡ್ಯೂ ಕಥೆ ಏನು ಅಂತ. ಕೇಳಲೇಬೇಕು. ನಾನೇ ಅದರ ಹತ್ತಿರ ಬರುತ್ತಿದ್ದೆ.

ಪರ್ಡ್ಯೂ ಇಂಡಿಯಾನಾದ ವೆಸ್ಟ್ ಲಾಫಯೆಟ್‌ನಲ್ಲಿದೆ. ಅಲ್ಲಿ ಓದುವ ಕನ್ನಡದ ಮಕ್ಕಳು ತುಂಬ ಜನ. ನಮ್ಮ ಮನೆಗೆ ಹಬ್ಬಕ್ಕೆ ಊಟಕ್ಕೆ ಬರುವವರಲ್ಲಿ ಅರ್ಧ ಅವರೇ. ಹಾಗಾಗಿ ಆ ತಂಡ ನಮಗೆ ಮನೆಯದೇ. ಅದರ ಕೋಚ್ ಮ್ಯಾಟ್ ಪೇಂಟರ್ ವರ್ಷಗಟ್ಟಲೆ ದೊಡ್ಡ ಆಳುಗಳನ್ನೇ ನಂಬಿದವರು. ಹ್ಯಾಮನ್ಸ್, ಹಾಸ್, ಹಾರ್ಮ್ಸ್, ಎಲ್ಲರೂ 7 ಅಡಿ ಮತ್ತು ಮೇಲೆ. ಆಮೇಲೆ ಬಂದವರು ಜಾಕ್ ಈಡಿ. 7 ಅಡಿ 4 ಇಂಚು. ಟೊರಾಂಟೋ ಹುಡುಗ. ಚಿಕ್ಕಂದಿನಲ್ಲಿ ಆಡಿದ್ದು ಐಸ್ ಹಾಕಿ ಮತ್ತು ಬೇಸ್‌ಬಾಲ್. ಬ್ಯಾಸ್ಕೆಟ್‌ಬಾಲ್ ಶುರು ಮಾಡಿದ್ದೇ ಹೈಸ್ಕೂಲಿನಲ್ಲಿ. ಅವರು ಕಾಲೇಜಿಗೆ ಬಂದ ವರ್ಷ ಹೊಸ ಆಟಗಾರರ ಪಟ್ಟಿಯಲ್ಲಿ ಅವರ ಹೆಸರು ಮೊದಲ ನಾನೂರರೊಳಗೂ ಇರಲಿಲ್ಲ. ಅಂಥವರು 2023ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಆದರು.

ಅದೇ ವರ್ಷ ಮಾರ್ಚ್ 17ರ ರಾತ್ರಿ ಒಂದನೇ ಶ್ರೇಯಾಂಕದ ಪರ್ಡ್ಯೂ 16ನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ ಎದುರು 63-58ರಲ್ಲಿ ಸೋತಿತು. ಪುರುಷರ ಟೂರ್ನಿಯಲ್ಲಿ ಹೀಗಾಗಿದ್ದು ಅದು ಎರಡನೇ ಸಲ ಮಾತ್ರ. ಫೇರ್ಲಿ ಡಿಕಿನ್ಸನ್ ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ ಒಂದರಲ್ಲೇ ಎಲ್ಲಕ್ಕಿಂತ ಗಿಡ್ಡ ತಂಡ. ನಮ್ಮ ಮನೆಯಲ್ಲಿ ಯಾರೂ ಎದ್ದು ಟಿವಿ ಆರಿಸಲಿಲ್ಲ. ಮರುದಿನ ಎಲ್ಲ ಕಡೆ ಒಂದೇ ಮಾತು: ನೋಡಿದ್ರಲ್ಲ, ಗಿಡ್ಡ ಹುಡುಗರು ಓಡಿ ಓಡಿ ದೈತ್ಯನನ್ನು ಕೆಡವಿದರು, ಸೆಂಟರ್ ಕಥೆ ಮುಗಿಯಿತು.

ಆದರೆ ಆ ಪಂದ್ಯದ ಲೆಕ್ಕ ತೆಗೆದು ನೋಡಿ. ಈಡಿ 21 ಪಾಯಿಂಟ್, 15 ರೀಬೌಂಡ್. ಪರ್ಡ್ಯೂ ಮೂರು ಪಾಯಿಂಟ್ ಗೆರೆಯಿಂದ 26 ಸಲ ಹಾಕಿ ಒಳಗೆ ಬಿದ್ದದ್ದು 5. ಚೆಂಡು ಕಳೆದುಕೊಂಡಿದ್ದು 16 ಸಲ. ಫೇರ್ಲಿ ಡಿಕಿನ್ಸನ್ ಈಡಿ ಮುಂದೆ ಒಬ್ಬರನ್ನು, ಹಿಂದೆ ಒಬ್ಬರನ್ನು ನಿಲ್ಲಿಸಿ, ಉಳಿದವರು ಬೇಕಾದರೆ ಹಾಕಿಕೊಳ್ಳಲಿ ಅಂತ ಬಿಟ್ಟಿತು. ಉಳಿದವರಿಗೆ ಹಾಕಲಾಗಲಿಲ್ಲ. ಹೊರಗೆ ನಿಂತು ಚೆಂಡು ನಡೆಸುವ ಗಾರ್ಡ್‌ಗಳಾದ ಬ್ರೇಡನ್ ಸ್ಮಿತ್, ಫ್ಲೆಚರ್ ಲಾಯರ್ ಇಬ್ಬರಿಗೂ ಅದು ಮೊದಲ ವರ್ಷ. ಇಲ್ಲಿ ಸೋತಿದ್ದು ಸೆಂಟರ್ ಅಂತ ನನಗೆ ಹೇಗೂ ಅನ್ನಿಸುವುದಿಲ್ಲ. ಅವರ ಸುತ್ತ ಇದ್ದ ಆಟ ಸೋತಿತು.

ಸರಿಯಾಗಿ ಎರಡು ವಾರಕ್ಕೆ ಮಹಿಳೆಯರ ಟೂರ್ನಿಯಲ್ಲೂ ಇದೇ ಆಯಿತು, ಇದನ್ನು ಯಾರೂ ಜೋಡಿಸಿ ನೋಡುವುದಿಲ್ಲ. ಸೌತ್ ಕೆರೊಲಿನಾ 36 ಪಂದ್ಯ ಆಡಿ ಒಂದೂ ಸೋತಿರಲಿಲ್ಲ. ನಡುವೆ ಅಲಿಯಾ ಬಾಸ್ಟನ್ ಅನ್ನೋ ದೊಡ್ಡ ಸೆಂಟರ್. ಸೆಮಿಫೈನಲ್‌ನಲ್ಲಿ ಅಯೋವಾ ತನ್ನವರನ್ನೆಲ್ಲ ಪೇಂಟ್ ಒಳಗೆ ತುಂಬಿತು. ಹೊರಗೆ ನಿಂತ ಗಾರ್ಡ್‌ಗೆ ಕಾವಲೇ ಇಲ್ಲ. ಅಯೋವಾದ ಕೇಟ್ಲಿನ್ ಕ್ಲಾರ್ಕ್ ಆ ಗಾರ್ಡ್ ಕಡೆ ಕೈ ಬೀಸಿ, ಹಾಕಿಕೋ ಹೋಗು ಅನ್ನುವ ಹಾಗೆ ಬಿಟ್ಟುಬಿಟ್ಟರು. ಸೌತ್ ಕೆರೊಲಿನಾ 77-73ರಲ್ಲಿ ಸೋತಿತು.

ಈಗ ಹೇಳಿ, ಈ ಎರಡು ಕಾಲೇಜುಗಳು ಆಮೇಲೆ ಏನು ಮಾಡಿದವು? ಸೆಂಟರ್ ಆಟ ಬಿಟ್ಟವಾ? ಇಲ್ಲ. ಪರ್ಡ್ಯೂ ಈಡಿಯನ್ನೇ ನಡುವೆ ಇಟ್ಟುಕೊಂಡಿತು. ಸ್ಮಿತ್ ಮತ್ತು ಲಾಯರ್ ಒಂದು ವರ್ಷ ಗಟ್ಟಿಯಾದರು. ಸದರ್ನ್ ಇಲಿನಾಯ್‌ನಿಂದ ಲಾನ್ಸ್ ಜೋನ್ಸ್ ಬಂದರು. ಆ ತಂಡ ಮುಂದಿನ ವರ್ಷ ಮೂರು ಪಾಯಿಂಟ್ ಶಾಟ್ ಹಾಕುವುದರಲ್ಲಿ ದೇಶದ ಮುಂಚೂಣಿ ತಂಡಗಳಲ್ಲಿ ಒಂದಾಯಿತು, ನೂರಕ್ಕೆ ಸುಮಾರು 40 ಒಳಗೆ. ಸೌತ್ ಕೆರೊಲಿನಾದ ಕೋಚ್ ಡಾನ್ ಸ್ಟೇಲಿ, ಅಲಿಯಾ ಬಾಸ್ಟನ್ ಬಿಟ್ಟುಹೋದ ಜಾಗಕ್ಕೆ 6 ಅಡಿ 7 ಇಂಚಿನ ಕಮಿಲಾ ಕಾರ್ಡೋಸೋ ಅವರನ್ನು ನಿಲ್ಲಿಸಿದರು. ಜೊತೆಗೆ ಆರೆಗಾನ್‌ನಿಂದ ತೆ-ಹಿನಾ ಪಾವ್‌ಪಾವ್ ಅನ್ನೋ ಒಳ್ಳೇ ಶೂಟರ್‌ನ ಕರೆತಂದರು. ಎರಡೂ ತಂಡ 2024ರಲ್ಲಿ ಫೈನಲ್ ಮುಟ್ಟಿದವು. ಪರ್ಡ್ಯೂಗೆ ಅದು 1969ರ ನಂತರ ಮೊದಲ ಫೈನಲ್. ಸೌತ್ ಕೆರೊಲಿನಾ ಅದೇ ಅಯೋವಾವನ್ನು 87-75ರಲ್ಲಿ ಸೋಲಿಸಿ 38ಕ್ಕೆ 38 ಗೆದ್ದಿತು. ಕ್ಲಾರ್ಕ್ 30 ಪಾಯಿಂಟ್ ಹಾಕಿದ ಪಂದ್ಯ ಅದು, ಜಗತ್ತೆಲ್ಲ ನೋಡಿದ್ದು ಅವರನ್ನೇ. ನನ್ನ ಮಗಳು ಮಾತ್ರ ಕಾರ್ಡೋಸೋ ಕಾಲುಗಳನ್ನೇ ನೋಡುತ್ತಿದ್ದಳು. ಶಾಟ್ ಗಾಳಿಯಲ್ಲಿರುವಾಗಲೇ ಕಾರ್ಡೋಸೋ ತಿರುಗಿ ಎದುರಾಳಿಯನ್ನು ಸೊಂಟದಲ್ಲಿ ಹಿಂದಕ್ಕೆ ತಳ್ಳಿ ಜಾಗ ಹಿಡಿಯುತ್ತಿದ್ದರು. ಕೈ ಆಮೇಲೆ ಏಳುತ್ತಿತ್ತು. 17 ರೀಬೌಂಡ್.

ಅದರ ಮರುದಿನ, ಏಪ್ರಿಲ್ 8, ಸೋಮವಾರ, ಪರ್ಡ್ಯೂ ಫೈನಲ್. ಆ ದಿನವನ್ನು ನಾವು ಯಾರೂ ಮರೆಯುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಇಂಡಿಯಾನಾಪೊಲಿಸ್‌ನಲ್ಲಿ ಪೂರ್ಣ ಸೂರ್ಯಗ್ರಹಣ. ರಾತ್ರಿ ಫೈನಲ್. ಬೆಳಗಾದರೆ ಯುಗಾದಿ. ಹೆಂಡತಿ ಅಡುಗೆಮನೆಯಲ್ಲಿ ಒಬ್ಬಟ್ಟಿಗೆ ಬೇಳೆ ಬೇಯಿಸಿಟ್ಟು ಬಂದು ಕೂತಳು. ಹನ್ನೆರಡು ಜನ ವಿದ್ಯಾರ್ಥಿಗಳು ನೆಲದ ಮೇಲೆ. ಈಡಿ 37 ಪಾಯಿಂಟ್ ಹಾಕಿದರು, 10 ರೀಬೌಂಡ್. ಆದರೂ ಕನೆಕ್ಟಿಕಟ್ 75-60. ಕನೆಕ್ಟಿಕಟ್ ಕೋಚ್ ಡ್ಯಾನ್ ಹರ್ಲಿ ಒಂದು ವರ್ಷದ ಹಿಂದೆ ಫೇರ್ಲಿ ಡಿಕಿನ್ಸನ್ ಮಾಡಿದ್ದಕ್ಕೆ ಪೂರ್ತಿ ಉಲ್ಟಾ ಮಾಡಿದರು. ಈಡಿಯನ್ನು ಬಹುಪಾಲು ಒಬ್ಬರ ಕೈಗೇ ಬಿಟ್ಟು, ಹೊರಗಿನ ಶೂಟರ್‌ಗಳನ್ನು ಬಿಡದೆ ಅಂಟಿಕೊಂಡರು. ಪರ್ಡ್ಯೂ ಇಡೀ ರಾತ್ರಿ ಮೂರು ಪಾಯಿಂಟ್ ಶಾಟ್ ಹಾಕಿದ್ದೇ 7, ಒಳಗೆ ಹೋಗಿದ್ದು 1.

ಇದರಿಂದ ಸೆಂಟರ್ ಬೇಡ ಅಂತ ಹೇಗೆ ಹೇಳುತ್ತೀರಿ? ಈಡಿಯನ್ನು ಒಬ್ಬರ ಕೈಗೆ ಬಿಡಲು ಆ ಒಬ್ಬರು ಕ್ಲಿಂಗನ್ ಆಗಿರಬೇಕಿತ್ತು! 7 ಅಡಿ 4 ಇಂಚನ್ನು ತಡೆಯಲು 7 ಅಡಿ 2 ಇಂಚು ಬೇಕಾಯಿತು. ಕಪ್ ಎತ್ತಿದ ತಂಡದ ನಡುವೆಯೂ ಹಳೇ ಮಾದರಿಯ ಸೆಂಟರೇ ಇದ್ದರು. ಅದರ ಹಿಂದಿನ ವರ್ಷವೂ ಕನೆಕ್ಟಿಕಟ್ ಗೆದ್ದಾಗ ಫೈನಲ್ ಫೋರ್‌ನ ಅತ್ಯುತ್ತಮ ಆಟಗಾರ ಮಾಲಿ ದೇಶದ ಅಡಾಮಾ ಸನೋಗೋ, ಅವರೂ ಪೋಸ್ಟ್ ಆಟಗಾರನೇ. ಅವರು ಸುಸ್ತಾದರೆ ಬೆಂಚಿನಿಂದ ಏಳುತ್ತಿದ್ದವರು ಇದೇ ಕ್ಲಿಂಗನ್.

ಎದುರಿನ ವಾದದಲ್ಲೂ ನಿಜ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 2018ರ ಸೆಮಿಫೈನಲ್‌ನಲ್ಲಿ ವಿಲನೋವಾ ಕ್ಯಾನ್ಸಸ್ ಎದುರು 18 ಮೂರು ಪಾಯಿಂಟ್ ಶಾಟ್ ಹಾಕಿತು. ಕ್ಯಾನ್ಸಸ್‌ನ 7 ಅಡಿಯ ಉಡೋಕಾ ಅಜುಬುಕೆ ರಿಂಗ್ ಹತ್ತಿರ ನಿಂತರೆ ಹೊರಗಿಂದ ಹಾಕುತ್ತಿದ್ದರು, ಹೊರಗೆ ಬಂದರೆ ಪಕ್ಕದಿಂದ ನುಗ್ಗುತ್ತಿದ್ದರು. ವಿಲನೋವಾ ಕಪ್ಪನ್ನೂ ಗೆದ್ದಿತು. 2021ರಲ್ಲಿ ಅಯೋವಾದ ಲೂಕಾ ಗಾರ್ಜಾ ದೇಶದ ಅತ್ಯುತ್ತಮ ಆಟಗಾರ. ಆರೆಗಾನ್ ಎದುರು 36 ಪಾಯಿಂಟ್ ಹಾಕಿದರೂ ತಂಡ 95-80ರಲ್ಲಿ ಎರಡನೇ ಸುತ್ತಿಗೇ ಮನೆಗೆ ಹೋಯಿತು. ಆರೆಗಾನ್ ಹುಡುಗರು ಅವರನ್ನು ಆ ತುದಿಯಿಂದ ಈ ತುದಿಗೆ ಓಡಿಸಿಬಿಟ್ಟರು. 2022ರಲ್ಲಿ ಕೆಂಟಕಿಯ ಆಸ್ಕರ್ ಶೀಬ್ವೆ ಒಂದು ಪಂದ್ಯಕ್ಕೆ ಸರಾಸರಿ 15 ರೀಬೌಂಡ್ ಹಿಡಿದವರು, ಅವರ ತಂಡ ಮೊದಲ ಸುತ್ತಿನಲ್ಲೇ ಸೇಂಟ್ ಪೀಟರ್ಸ್ ಅನ್ನೋ ಚಿಕ್ಕ ಕಾಲೇಜಿಗೆ ಸೋತಿತು. ಆಮೇಲೆ 2023, ಹೇಳಿದೆನಲ್ಲ. ಮೂರು ವರ್ಷ ಸತತವಾಗಿ ದೇಶದ ಅತ್ಯುತ್ತಮ ಆಟಗಾರ ಸೆಂಟರ್, ಮೂರು ವರ್ಷವೂ ಮೊದಲ ವಾರಾಂತ್ಯಕ್ಕೇ ಮನೆಗೆ.

ಹಾಗಾಗಿ ಕಾಲು ನಿಧಾನ ಇರುವ ಸೆಂಟರ್ ಕಷ್ಟ ಅನ್ನಿ, ಒಪ್ಪುತ್ತೇನೆ. ಎದುರಾಳಿ ಸ್ಕ್ರೀನ್ ಹಾಕಿದಾಗ, ಅಂದರೆ ಕಾಯುವವರ ದಾರಿಗೆ ಅಡ್ಡ ನಿಂತಾಗ, ಹೊರಗೆ ಬಂದು ಎರಡು ಹೆಜ್ಜೆ ಅಡ್ಡ ಸರಿದು ವಾಪಸ್ ಓಡಲು ಆಗಬೇಕು. ಅದನ್ನು ಕಲಿಸಿ. ಸುತ್ತ ಶೂಟರ್‌ಗಳು ಇಲ್ಲದಿದ್ದರೆ ಎಂಥ ಸೆಂಟರ್ ಇದ್ದರೂ ಸಾಲದು ಅನ್ನಿ, ಅದೂ ಸರಿ. ಆದರೆ ಆ ಎರಡು ಮಾತಿನಿಂದ ಸೆಂಟರೇ ಬೇಡ ಅನ್ನುವ ಮಾತಿಗೆ ಹಾರುತ್ತೀರಲ್ಲ, ಅಲ್ಲಿಗೆ ದಾರಿಯೇ ಇಲ್ಲ.

ಈ ಆಟ ದೊಡ್ಡ ಆಳಿಗೆ ಹೆದರಿದ್ದು ಇವತ್ತು ನಿನ್ನೆ ಅಲ್ಲ. ಮೈಕನ್, ಒಕ್ಲಹೋಮ ಎ ಅಂಡ್ ಎಂ ಕಾಲೇಜಿನ ಬಾಬ್ ಕರ್ಲೆಂಡ್ ಇಬ್ಬರೂ ರಿಂಗ್‌ಗೆ ಬೀಳುತ್ತಿದ್ದ ಚೆಂಡನ್ನು ಮೇಲಿಂದಲೇ ತಳ್ಳಿಬಿಡುತ್ತಿದ್ದರು ಅಂತ 1944ರಲ್ಲಿ ಅದನ್ನು ನಿಷೇಧಿಸಿದರು. ಕರ್ಲೆಂಡ್ ತಂಡ 1945, 1946 ಎರಡೂ ವರ್ಷ ಕಪ್ ಗೆದ್ದಿತು. ಸ್ಯಾನ್ ಫ್ರಾನ್ಸಿಸ್ಕೋದ ಬಿಲ್ ರಸೆಲ್ ಕಾಲದಲ್ಲಿ 6 ಅಡಿ ಇದ್ದ ಪೇಂಟನ್ನು 12 ಅಡಿ ಮಾಡಿದರು. ಕರೀಂ ಅಬ್ದುಲ್ ಜಬ್ಬಾರ್ ಯುಸಿಎಲ್‌ಎಯಲ್ಲಿ ಲ್ಯೂ ಆಲ್ಸಿಂಡರ್ ಆಗಿ ಆಡುತ್ತಿದ್ದಾಗ, 1967ರಲ್ಲಿ, ಡಂಕ್ ಮಾಡುವುದನ್ನೇ, ಅಂದರೆ ಚೆಂಡನ್ನು ಮೇಲಿಂದ ರಿಂಗ್‌ಗೆ ತುರುಕುವುದನ್ನೇ, ನಿಷೇಧಿಸಿದರು. ಒಂಬತ್ತು ಸೀಸನ್ ಆ ನಿಷೇಧ ಇತ್ತು. ಅವರು ಡಂಕ್ ಬಿಟ್ಟು ಹುಕ್ ಶಾಟ್ ತೀಡಿಕೊಂಡರು. ಯುಸಿಎಲ್‌ಎ 1968ರಲ್ಲೂ ಗೆದ್ದಿತು, 1969ರಲ್ಲೂ ಗೆದ್ದಿತು. 1986-87ರಲ್ಲಿ ಮೂರು ಪಾಯಿಂಟ್ ಗೆರೆ ಬಂದಾಗಲೂ ಇದೇ ಭಯ. ಪುರುಷರ ಆಟದಲ್ಲಿ ಆ ಗೆರೆ 2019-20ರಿಂದ 22 ಅಡಿ ಒಂದೂಮುಕ್ಕಾಲು ಇಂಚಿಗೆ ಹಿಂದೆ ಸರಿದಿದೆ. ಹುಡುಗರಿಗೆ ಅಷ್ಟು ದೂರದಿಂದ ಹಾಕುವುದು ಮೊದಲಿನಷ್ಟು ಸಲೀಸಲ್ಲ, ಅವರನ್ನು ಕಾಯುವವರೂ ರಿಂಗ್‌ನಿಂದ ಅಷ್ಟು ದೂರ ಹೋಗಬೇಕು. ನಡುವೆ ಜಾಗ ಯಾರಿಗೆ ಸಿಕ್ಕಿತು ಅಂತ ಯೋಚನೆ ಮಾಡಿ.

ನನ್ನನ್ನು ಕೇಳಿದರೆ ಕಮ್ಮಿಯಾಗಿರುವುದು ಸೆಂಟರ್‌ಗಳಲ್ಲ. ಅವರಿಗೆ ಚೆಂಡು ಕೊಡಲು ಬಲ್ಲವರು ಕಮ್ಮಿಯಾಗಿದ್ದಾರೆ.

ಜನವರಿಯಲ್ಲಿ ಮಗಳ ಒಂದು ಪಂದ್ಯದಲ್ಲಿ ನಾನು ಸುಮ್ಮನೆ ಎಣಿಸುತ್ತಾ ಕೂತೆ. ಮೊದಲ ಅರ್ಧದಲ್ಲಿ ಅವಳು ಎದುರಾಳಿಯನ್ನು ಬೆನ್ನ ಹಿಂದೆ ಹಾಕಿಕೊಂಡು, ಕೈ ಎತ್ತಿ, ಸರಿಯಾಗಿ ಜಾಗ ಹಿಡಿದು ನಿಂತದ್ದು ಹನ್ನೊಂದು ಸಲ. ಚೆಂಡು ಬಂದದ್ದು ಎರಡು ಸಲ. ಆ ಎರಡರಲ್ಲಿ ಒಂದು ಮೊಣಕಾಲಿಗೆ ಬಡಿದು ಹೊರಗೆ ಹೋಯಿತು. ಇನ್ನೊಂದು ಬಾಸ್ಕೆಟ್. ಗಾರ್ಡ್ ಆಡುತ್ತಿದ್ದ ಹುಡುಗಿ ಸ್ವಾರ್ಥಿ ಅಲ್ಲ, ಒಳ್ಳೇ ಮಗು. ಅವಳಿಗೆ ಆ ಪಾಸ್ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಪೋಸ್ಟಿಗೆ ಪಾಸ್ ಕೊಡುವುದು ಒಂದು ಕಸುಬು. ಎದುರಿನಿಂದ ನೇರ ಕೊಡಬಾರದು, ಕದಿಯುತ್ತಾರೆ. ಚೆಂಡನ್ನು ಒಂದು ಬಡಿತ ಪಕ್ಕಕ್ಕೆ ತಂದು ಕೋನ ಮಾಡಿಕೊಳ್ಳಬೇಕು. ತಲೆ ಮೇಲಿಂದ ಕೊಡುವ ಹಾಗೆ ತೋರಿಸಬೇಕು. ಕಾಯುವವಳ ಕೈ ಮೇಲೇಳುತ್ತದೆ. ಆಗ ಅವಳ ಕಾಲ ಪಕ್ಕದಲ್ಲಿ ಬೌನ್ಸ್. ಅದೂ ಸೆಂಟರ್‌ನ ಹೊಟ್ಟೆಗೆ ಅಲ್ಲ, ಅವಳು ಚಾಚಿ ಕೇಳುತ್ತಿರುವ ಕೈಗೆ, ಎದುರಾಳಿಯಿಂದ ದೂರದ ಕೈಗೆ. ಆ ಕೈಗೆ ಚೆಂಡು ಬಂದರೆ ಯಾವ ಕಡೆ ತಿರುಗಬೇಕು ಅಂತ ಪಾಸೇ ಹೇಳಿಬಿಡುತ್ತದೆ. ಇಷ್ಟು ಆದಮೇಲೆ ಕೊಟ್ಟವಳು ನಿಂತಲ್ಲೇ ನಿಲ್ಲದೆ ಜಾಗ ಬದಲಿಸಬೇಕು. ಯಾಕಂದರೆ ಸೆಂಟರ್ ಮೇಲೆ ಇಬ್ಬರು ಬಿದ್ದರೆ ಚೆಂಡು ವಾಪಸ್ ಬರುವುದು ಅವಳಿಗೇ. ಆಗ ಅವಳು ರಿಂಗ್ ಕಡೆ ಮುಖ ಮಾಡಿ, ಕಾಲು ಊರಿ ನಿಂತಿರುತ್ತಾಳೆ. ನಿಮಗೆ ಬೇಕಾದ ಮೂರು ಪಾಯಿಂಟ್ ಶಾಟ್ ಅದೇ ಅಲ್ವಾ? ಓಡುತ್ತಾ, ಕೈ ಮುಖದ ಮುಂದೆ ಇರುವಾಗ ಹಾಕುವುದಕ್ಕಿಂತ ಅದು ಎಷ್ಟು ಸುಲಭ!

ಬೇಸಿಗೆಯ ಕ್ಲಬ್ ಟೂರ್ನಿಗಳಲ್ಲಿ ಮಕ್ಕಳು ಒಂದೇ ವಾರಾಂತ್ಯಕ್ಕೆ ನಾಲ್ಕೈದು ಪಂದ್ಯ ಆಡುತ್ತಾರೆ. ಪ್ರಾಕ್ಟೀಸ್ ಮಾಡಲು ಹೊತ್ತೇ ಇರುವುದಿಲ್ಲ. ಅಲ್ಲಿ ಚೆಂಡು ಯಾರ ಕೈಯಲ್ಲಿದೆಯೋ ಅವರದೇ ಆಟ. ಇಬ್ಬರು ಸೇರಿ ಕಲಿಯಬೇಕಾದ ವಿದ್ಯೆ ಅಲ್ಲಿ ಬೆಳೆಯುವುದು ಕಷ್ಟ. ಅದಕ್ಕೇ ಕಾಲೇಜು ಕೋಚ್‌ಗಳನ್ನು ಕೇಳುತ್ತಿದ್ದೇನೆ. ಹೊತ್ತು ಇರುವುದು ನಿಮ್ಮ ಹತ್ತಿರ.

ನಿಮಗೆ ಇನ್ನೂ ಒಂದು ಅನುಕೂಲ ಇದೆ. ಎನ್‌ಬಿಎ ಇಂಥವರನ್ನು ಅಷ್ಟಾಗಿ ಕೇಳುವುದಿಲ್ಲ. ಎನ್‌ಬಿಎ ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2021ರಲ್ಲಿ, ಗಾರ್ಜಾ 52ನೆಯವರು. ಗೊನ್ಜಾಗಾದ ಡ್ರೂ ಟಿಮ್, ಶೀಬ್ವೆ, ನಾರ್ತ್ ಕೆರೊಲಿನಾದ ಅರ್ಮಾಂಡೋ ಬೇಕಾಟ್, ಯಾರನ್ನೂ ಡ್ರಾಫ್ಟ್‌ನಲ್ಲಿ ಕರೆಯಲಿಲ್ಲ. ಬೇಕಾಟ್ ಐದು ವರ್ಷ ಕಾಲೇಜಿನಲ್ಲೇ ಆಡಿದರು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನಲ್ಲಿ ದುಡ್ಡು ಮಾಡಿಕೊಳ್ಳಬಹುದು, ಹಾಗಾಗಿ ಉಳಿಯಲು ಕಾರಣವೂ ಇದೆ. ಒಳ್ಳೇ ಗಾರ್ಡ್ ನಿಮ್ಮ ಹತ್ತಿರ ಒಂದೇ ವರ್ಷ ಇರಬಹುದು. ಒಳ್ಳೇ ಸೆಂಟರ್ ನಾಲ್ಕು ವರ್ಷ ಇರುತ್ತಾರೆ, ವರ್ಷ ವರ್ಷ ಗಟ್ಟಿಯಾಗುತ್ತಾರೆ. ಮೊದಲ ವರ್ಷ ಬೆಂಚಿನಿಂದ ಎದ್ದು ಬರುತ್ತಿದ್ದ ಈಡಿ ನಾಲ್ಕನೇ ವರ್ಷ ಏನಾದರು ನೋಡಿದಿರಲ್ಲ. (ಅವರು ಕೆನಡಾದವರು, ನಮ್ಮ ಮಕ್ಕಳ ಹಾಗೆಯೇ ವಿದ್ಯಾರ್ಥಿ ವೀಸಾ. ಬೇರೆಯವರ ಹಾಗೆ ಜಾಹೀರಾತು ಮಾಡಿ ದುಡಿಯಲು ಅವರಿಗೆ ಆಗುತ್ತಿರಲಿಲ್ಲ. ನಮ್ಮನೆಗೆ ಬರುವ ವಿದ್ಯಾರ್ಥಿಗಳು ಅವರನ್ನು ಅಷ್ಟು ಪ್ರೀತಿಸಲು ಅದೂ ಒಂದು ಕಾರಣ.) ಎನ್‌ಬಿಎಯಲ್ಲಿ ನಡೆಯಲಿಲ್ಲ ಅನ್ನುವುದು ಕಾಲೇಜಿನಲ್ಲಿ ನಡೆದದ್ದನ್ನು ಅಳಿಸುವುದಿಲ್ಲ. ಜಹ್ಲಿಲ್ ಓಕಫೋರ್ ಎನ್‌ಬಿಎಯಲ್ಲಿ ನೆಲೆ ನಿಲ್ಲಲಿಲ್ಲ. ಆದರೆ 2015ರಲ್ಲಿ ಡ್ಯೂಕ್ ಕಪ್ ಗೆದ್ದಾಗ ಅದರ ನಡುವೆ ನಿಂತಿದ್ದವರು ಅವರೇ.

ನಮ್ಮ ಭಾರತದ ಮೂಲದ ಹುಡುಗರಲ್ಲೂ ಈ ದಾರಿಯಲ್ಲಿ ಹೋದವರು ಇದ್ದಾರೆ. ಟೊರಾಂಟೋದ ಪಂಜಾಬಿ ಮನೆಯ ಸಿಮ್ ಭುಲ್ಲರ್, 7 ಅಡಿ 5 ಇಂಚು. ನ್ಯೂ ಮೆಕ್ಸಿಕೋ ಸ್ಟೇಟ್‌ನಲ್ಲಿ ಸೆಂಟರ್ ಆಡಿ, 2015ರಲ್ಲಿ ಎನ್‌ಬಿಎ ಕೋರ್ಟಿಗೆ ಇಳಿದ ಮೊದಲ ಭಾರತ ಮೂಲದ ಆಟಗಾರ ಆದರು. ಅವರ ಕಾಲೇಜು ಕೋಚ್ ಅವರನ್ನು ಮೂಲೆಗೆ ಕಳಿಸಿದ್ದರೆ ಆ ದಿನ ಬರುತ್ತಿತ್ತಾ?

ಮಗಳು ಮೂರು ಪಾಯಿಂಟ್ ಶಾಟ್ ಕಲಿಯುತ್ತಿದ್ದಾಳೆ. ಕಲಿಯಲಿ, ಬೇಡ ಅನ್ನುವುದಿಲ್ಲ. ಆದರೆ ರಾತ್ರಿ ಊಟ ಆದಮೇಲೆ ಗ್ಯಾರೇಜ್ ಮುಂದಿನ ರಿಂಗ್ ಕೆಳಗೆ ನಾವಿಬ್ಬರೂ ಅರ್ಧ ಗಂಟೆ ಪೋಸ್ಟ್ ಆಟ ಆಡುತ್ತೇವೆ. ನಾನು ಅವಳ ಬೆನ್ನಿಗೆ ಆನಿಕೊಂಡು ನಿಲ್ಲುತ್ತೇನೆ. ನನ್ನ ಭಾರ ಅವಳ ಯಾವ ಭುಜದ ಮೇಲಿದೆ ಅಂತ ಅವಳು ನೋಡದೆ ತಿಳಿಯಬೇಕು. ಭಾರ ಎಡಕ್ಕಿದ್ದರೆ ಬಲಗಾಲು ಹಿಂದಕ್ಕೆ ಹಾಕಿ ತಿರುಗಬೇಕು. ಮೊದಲೆಲ್ಲ ಅವಳು ತಲೆ ತಿರುಗಿಸಿ ನನ್ನನ್ನು ನೋಡಿ ಆಮೇಲೆ ತಿರುಗುತ್ತಿದ್ದಳು. ಹೋದ ತಿಂಗಳು ಒಂದು ರಾತ್ರಿ, ಚಳಿಗೆ ಇಬ್ಬರ ಉಸಿರೂ ಹೊಗೆಯಾಗುತ್ತಿತ್ತು, ನಾನು ಭಾರವನ್ನು ಎಡದಿಂದ ಬಲಕ್ಕೆ ಬದಲಿಸುತ್ತಿದ್ದ ಹಾಗೇ ಅವಳು ಎಡಗಾಲು ಹಾಕಿ ನನ್ನನ್ನು ದಾಟಿ ಹೋಗಿದ್ದಳು. ಎಡಗೈಯಲ್ಲಿ ಹಾಕಿದಳು. ತಿರುಗಿ ನೋಡಿ, "ಗೊತ್ತಾಯ್ತು ಅಪ್ಪ, ಬೆನ್ನಿಗೇ ಗೊತ್ತಾಯ್ತು" ಅಂದಳು.

ಮುಂದಿನ ವರ್ಷ ಅವಳು ನಿಮ್ಮಲ್ಲಿ ಕೆಲವರಿಗೆ ತನ್ನ ಆಟದ ವಿಡಿಯೋ ಕಳಿಸುತ್ತಾಳೆ. ಎಲ್ಲ ಮಕ್ಕಳೂ ಕಳಿಸುತ್ತಾರೆ, ನಿಮಗೆ ಪುರುಸೊತ್ತು ಇರುವುದಿಲ್ಲ ಅಂತ ಗೊತ್ತು. ಅವಳ ವಿಡಿಯೋದ ಮೊದಲ ಎರಡು ನಿಮಿಷ ಬರೀ ಪೋಸ್ಟ್ ಆಟ. ಅದರಲ್ಲಿ ಚೆಂಡು ಬಂದದ್ದೂ ಇದೆ, ಬಾರದೇ ಹೋದದ್ದೂ ಇದೆ. ಬಾರದವನ್ನು ತೆಗೆದುಬಿಡೋಣವಾ ಅಂತ ಕೇಳಿದ್ದಕ್ಕೆ ಅವಳೇ ಬೇಡ ಅಂದಳು. ಅದನ್ನು ಮುಂದಕ್ಕೆ ಓಡಿಸದೆ ನೋಡಿ. ಅವಳ ಕಾಲು ಎಲ್ಲಿದೆ ನೋಡಿ, ಕೈ ಎಲ್ಲಿ ಕೇಳುತ್ತಿದೆ ನೋಡಿ. ಆಮೇಲೆ ನಿಮ್ಮ ಗಾರ್ಡ್‌ಗಳಲ್ಲಿ ಆ ಪಾಸ್ ಕೊಡಬಲ್ಲವರು ಯಾರಿದ್ದಾರೆ ಅಂತ ಯೋಚಿಸಿ, ನಮಗೊಂದು ಫೋನ್ ಮಾಡಿ.

ಇಂತಿ ನಮಸ್ಕಾರಗಳೊಂದಿಗೆ,
ಮಂಡ್ಯದ ಹಳೇ ಪಿವೋಟ್, ಈಗ ಇಂಡಿಯಾನಾಪೊಲಿಸ್‌ನ ಒಬ್ಬ ಅಪ್ಪ